ಬಚ್ಚಲುಮನೆಯಲ್ಲಿ ಅತ್ತೆಯ ಗಿಟಾರ್

ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಕೈಯಲ್ಲಿ ಸೋಪಿನ ಡಬ್ಬಿ ಹಿಡಿದು ಅಪ್ಪ ಬಚ್ಚಲುಮನೆಯ ಮುಂದೆ ನಿಂತಿದ್ದರು. ನಾನು ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿ ಕೂತಿದ್ದೆ.

“ಒಳಗೆ ಯಾರಿದ್ದಾರೆ?”

“ಗಿಟಾರ್.”

“ಎಷ್ಟೊತ್ತಿಗೆ ಹೊರಗೆ ಬರತ್ತೆ?”

“ಶುಕ್ರವಾರ ಬೆಳಿಗ್ಗೆ.”

ಅಪ್ಪ ಗೋಡೆಯ ಕ್ಯಾಲೆಂಡರ್ ಕಡೆ ನೋಡಿದರು. “ಇವತ್ತು ಮಂಗಳವಾರ ಕಣೇ.”

“ಕೆಳಗಿನ ಮನೆ ಟೈಲರಮ್ಮನ ಹತ್ರ ಮಾತಾಡಿದೀನಪ್ಪ. ಮೂರು ದಿನ ಅವರ ಬಚ್ಚಲು. ಬಕೆಟ್ ಮಾತ್ರ ನಮ್ಮದು.”

“ಗಿಟಾರಿಗೆ ಬಚ್ಚಲುಮನೆ, ಮನೆ ಯಜಮಾನನಿಗೆ ಬಕೆಟ್ಟು,” ಎಂದು ಗೊಣಗುತ್ತಾ ಅಪ್ಪ ಮೆಟ್ಟಿಲಿಳಿದರು. ಹಿಂದೆಯೇ ಅಮ್ಮ ಇನ್ನೊಂದು ಬಕೆಟ್ ಹಿಡಿದು ಇಳಿದಳು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಟೈಲರಮ್ಮನ ದನಿ ಕೇಳಿತು: “ನೀವೆಲ್ಲ ಸಾಲಾಗಿ ಬಕೆಟ್ ಹಿಡ್ಕೊಂಡು ಇಳಿಯೋದು ನೋಡಿ, ಮೇಲೆ ಬೆಂಕಿ ಬಿದ್ದಿದೆ ಅನ್ಕೊಂಡೆ!”

ಒಳಗೆ, ಬಟ್ಟೆ ಹಾಕುವ ಸರಳಿನಿಂದ ಅತ್ತೆಯ ಬೇಸ್ ಗಿಟಾರಿನ ಒಡಲು ತೂಗುತ್ತಿತ್ತು. ಬರೀ ಒಡಲು. ಕತ್ತು ನನ್ನ ಮಂಚದ ಮೇಲೆ ಹೊದಿಕೆ ಹೊದ್ದು ಮಲಗಿತ್ತು. ನಾಲ್ಕು ದಪ್ಪ ತಂತಿಗಳು ಸುರುಳಿ ಸುತ್ತಿಕೊಂಡು ಮೇಜಿನ ಖಾನೆ ಸೇರಿದ್ದವು. ಉಳಿದ ವೈರು, ತಿರುಗಣೆ, ಅಯಸ್ಕಾಂತವೆಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿ. ಅಜ್ಜಿಯ ಕಥೆಯ ರಾಕ್ಷಸನಿಗೂ ಹೀಗೆಯೇ, ಮೈ ಒಂದು ಕಡೆ, ಪ್ರಾಣ ಏಳು ಸಮುದ್ರದಾಚೆಯ ಗಿಳಿಯೊಳಗೆ. ಆದರೆ ರಾಕ್ಷಸನಿಗೆ ಶನಿವಾರ ಸಂಜೆ ಕಾರ್ಯಕ್ರಮ ಇರುತ್ತಿರಲಿಲ್ಲ.

ಅತ್ತೆ ಎಂದರೆ ಅಪ್ಪನ ತಂಗಿ. ಇಪ್ಪತ್ತು ವರ್ಷದಿಂದ ಒಂದೇ ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸುತ್ತಾಳೆ. ಹಾಡುವವರಿಗೆ ಚಪ್ಪಾಳೆ, ತನಗೆ ಬೆನ್ನುನೋವು ಎಂದು ತಾನೇ ನಗುತ್ತಾಳೆ. ಎರಡು ತಿಂಗಳ ಹಿಂದೆ ಮೆಟ್ಟಿಲಲ್ಲಿ ಜಾರಿ ಅವಳ ಎಡ ಮಣಿಕಟ್ಟು ಮುರಿಯಿತು. “ಎದುರಿಗಿದ್ರೆ ಬೆರಳು ಸುಮ್ನಿರಲ್ಲ. ನಿನ್ನ ಹತ್ರ ಇರ್ಲಿ, ದಿನಾ ಅರ್ಧ ಗಂಟೆ ನುಡಿಸು,” ಎಂದು ಗಿಟಾರನ್ನು ನನ್ನ ಕೈಗಿಟ್ಟು ಹೋದಳು. ಆರ್ಕೆಸ್ಟ್ರಾದ ಮಾಸ್ಟರು ಅವಳ ಜಾಗಕ್ಕೆ ಒಬ್ಬ ಬದಲಿಯನ್ನು ಹಾಕಿಕೊಂಡರು. ಅವನು ಚೆನ್ನಾಗಿಯೇ ನುಡಿಸುತ್ತಾನಂತೆ. “ಈ ತಿಂಗಳ ಕೊನೇ ಶನಿವಾರ ಬಂದ್ರೆ ಜಾಗ ನಿಮ್ದು. ಇಲ್ಲಾಂದ್ರೆ ಅವನನ್ನೇ ಕಾಯಂ ಮಾಡ್ತೀನಿ,” ಎಂದು ಅತ್ತೆಗೆ ಹೇಳಿಯೂ ಆಗಿತ್ತು.

ಇದೆಲ್ಲ ಗೊತ್ತಿದ್ದೇ ನಾನು ಅದರ ಚರ್ಮ ಸುಲಿದೆ.

ಶುರುವಾದದ್ದು ಒಂದು ಉಗುರಿನಿಂದ. ಗಿಟಾರಿನ ಬಣ್ಣ ಸಮುದ್ರದ ಹಸಿರು. ಮೇಲಂಚಿನಲ್ಲಿ, ನುಡಿಸುವವರ ಬಲ ಮುಂಗೈ ಕೂರುವ ಕಡೆ, ಆ ಹಸಿರು ಸವೆದು, ಸುತ್ತ ಚಕ್ಕೆಚಕ್ಕೆಯಾಗಿ ಎದ್ದಿತ್ತು. ಒಂದು ಚಕ್ಕೆಯನ್ನು ಉಗುರಿನಿಂದ ಎಬ್ಬಿಸಿದೆ. ಹಸಿರು ದ್ವೀಪದಂಥ ಚೂರೊಂದು ಅಂಗೈಗೆ ಬಂತು. ಅದನ್ನು ನೋಡುತ್ತಾ ಕೂತವಳಿಗೆ, ಹೊಸ ಹಸಿರಿನಲ್ಲಿ ಥಳಥಳಿಸುವ ಗಿಟಾರ್ ಹಿಡಿದು ವೇದಿಕೆಗೆ ಮರಳುವ ಅತ್ತೆ ಕಣ್ಣಿಗೆ ಕಟ್ಟಿಬಿಟ್ಟಳು. ವಿಡಿಯೊದಲ್ಲಿ ಒಬ್ಬ ಇಡೀ ಕೆಲಸವನ್ನು ಒಂಬತ್ತು ನಿಮಿಷಕ್ಕೆ ಮುಗಿಸಿ ತೋರಿಸಿದ. ನನಗೆ ಹಳೆಯ ಬಣ್ಣ ತೆಗೆಯುವುದಕ್ಕೇ ಒಂಬತ್ತು ದಿನ ಹಿಡಿಯಿತು. ಬಣ್ಣ ಬಿಸಿಗೆ ಮೆತ್ತಗಾಗಲಿ ಎಂದು ಹಿಡಿದ ಅಮ್ಮನ ಹೇರ್ ಡ್ರೈಯರ್ ಸುಟ್ಟುಹೋಯಿತು. ತಪ್ಪು ಅಜ್ಜಿಯದೂ ಇದೆ. ರಾಜಕುಮಾರಿ ಏಳು ಮೂಟೆ ಸಾಸಿವೆಯಿಂದ ಎಳ್ಳನ್ನು ಬೇರೆ ಮಾಡುವುದನ್ನು ಅವಳು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಿದ್ದಳು. ರಾಜಕುಮಾರಿಯ ಉಗುರು ಒಡೆದದ್ದನ್ನಾಗಲಿ, ಭುಜ ಹಿಡಿದುಕೊಂಡದ್ದನ್ನಾಗಲಿ ಒಂದು ದಿನವೂ ಹೇಳಲಿಲ್ಲ.

ಮನೆಯಲ್ಲಿ ನನಗೆ ‘ಅರೆಬರೆ’ ಎಂದು ಹೆಸರು. ಅಪ್ಪನಿಗೆ ಹೆಣೆಯಲು ಹಿಡಿದ ಸ್ವೆಟರಿಗೆ ಒಂದೇ ತೋಳು, ಅಡುಗೆಮನೆಗೆ ಬಳಿಯಲು ಹೊರಟ ಸುಣ್ಣ ಎರಡೂವರೆ ಗೋಡೆಗೆ. ಈ ಸಲ ಹಾಗಾಗಬಾರದು ಎಂದು ಹಟ ಹಿಡಿದಿದ್ದೆ. ನಮ್ಮ ಬೀದಿಯ ಕಾರ್ ಗ್ಯಾರೇಜಿನಲ್ಲಿ ಬಣ್ಣ ಹೊಡೆಯುವ ಪೇಂಟರ್ ಮಾಮನಿಗೆ ಆ ದ್ವೀಪದ ಚಕ್ಕೆ ತೋರಿಸಿ, ಅದೇ ಹಸಿರನ್ನು ಸ್ಪ್ರೇ ಡಬ್ಬಿಗೆ ತುಂಬಿಸಿಕೊಂಡು ಬಂದೆ. “ಧೂಳು ಬೀಳಬಾರ್ದು, ನೀರು ತಾಗಬಾರ್ದು,” ಎಂದಿದ್ದರು ಮಾಮ. ಮನೆಯಲ್ಲಿ ಧೂಳು ಹಾರದ ಜಾಗ ಬಚ್ಚಲುಮನೆಯೊಂದೇ. ನೀರಿನ ಜವಾಬ್ದಾರಿಯನ್ನು ನಾನೂ ನನ್ನ ಕುರ್ಚಿಯೂ ಹೊತ್ತೆವು.

ಗುರುವಾರ ಬೆಳಿಗ್ಗೆ ಮೂಗಿಗೆ ಮಾಸ್ಕ್ ಕಟ್ಟಿ, ಹಸಿರಿನ ಮೇಲೆ ಕೊನೆಯ ಸಲ ಹೊಳಪಿನ ಲ್ಯಾಕರ್ ಹೊಡೆದೆ. ಕನ್ನಡಿಯ ಹಾಗೆ ನನ್ನ ಮುಖವೇ ಕಂಡಿತು. ಕುಣಿಯುತ್ತಾ ಕೆಲಸಕ್ಕೆ ಹೋದೆ. ನಾನಿರುವುದು ಕನ್ನಡಕದ ಅಂಗಡಿಯಲ್ಲಿ. ಅವತ್ತು ಗಿರಾಕಿಗಳಿಗೆ ಗಾಜು ಬದಲಿಸಿ ಬದಲಿಸಿ “ಈಗ ಹೇಗೆ ಕಾಣತ್ತೆ?” ಎಂದು ಕೇಳುವಾಗೆಲ್ಲ ನನಗೆ ಹಸಿರೇ ಕಾಣುತ್ತಿತ್ತು.

ಸಂಜೆ ಬಂದರೆ, ಕುರ್ಚಿ ಪಕ್ಕಕ್ಕೆ ಸರಿದಿತ್ತು. ಬಚ್ಚಲಿನ ನೆಲವೆಲ್ಲ ಒದ್ದೆ. ಗಿಟಾರಿನ ಒಡಲಿಗೆ ಅಜ್ಜಿಯ ದಪ್ಪ ಟವೆಲನ್ನು ಎಳೆಮಗುವಿಗೆ ಹೊದಿಸಿದಂತೆ ಅಂಚು ಮಡಚಿ ಹೊದಿಸಲಾಗಿತ್ತು.

“ನೀರು ಸಿಡಿಯತ್ತೆ ಅಂತ ಹೊದಿಸಿದೆ ಪುಟ್ಟಿ,” ಹಿಂದಿನಿಂದ ಅಜ್ಜಿ ಹೇಳಿದಳು. ಮೈಯಿಂದ ಸೋಪಿನ ಪರಿಮಳ ಬರುತ್ತಿತ್ತು. “ಮೂರು ದಿನದಿಂದ ಬಿಸಿನೀರಿಲ್ಲದೆ ಮಂಡಿ ಹಿಡ್ಕೊಂಡುಬಿಟ್ಟಿತ್ತು. ಆ ಮೆಟ್ಟಿಲು ಇಳಿಯೋಕೆ ನನ್ನ ಕೈಲಾಗತ್ತಾ? ಅದಕ್ಕೊಂದು ಹನೀನೂ ತಾಗಿಸಿಲ್ಲ, ಬೇಕಾದ್ರೆ ನೋಡು.”

ಟವೆಲಿನ ತುದಿ ಹಿಡಿದು ಎತ್ತಿದೆ. ಬರಲಿಲ್ಲ. ಎಳೆದೆ. ಚರ್ರ್ ಎಂದು ಬಂತು. ಬೆಳಿಗ್ಗೆ ನನ್ನ ಮುಖ ಕಂಡ ಜಾಗದಲ್ಲಿ ಟವೆಲಿನ ಒಂದೊಂದು ಎಳೆಯೂ ಅಚ್ಚು ಬಿದ್ದಿತ್ತು. ಮೇಲೆಲ್ಲ ನೂಲಿನ ಜುಂಗು ಅಂಟಿ, ಗಿಟಾರಿಗೆ ಬೂಷ್ಟು ಹಿಡಿದಂತಿತ್ತು.

ಅಪ್ಪ ಇಣುಕಿ ನೋಡಿ, “ಡಿಸೈನೇನೋ ಚೆನ್ನಾಗಿದೆ,” ಎಂದರು. ಅಮ್ಮ ಕಣ್ಣು ಬಿಟ್ಟ ಮೇಲೆ ಸುಮ್ಮನಾದರು.

ಒಡಲನ್ನು ಎತ್ತಿಕೊಂಡು ಗ್ಯಾರೇಜಿಗೆ ಓಡಿದೆ. ಪೇಂಟರ್ ಮಾಮ ಟವೆಲ್ ತಾಗದ ಒಂದು ಮೂಲೆಯಲ್ಲಿ ಉಗುರು ಒತ್ತಿದರು. ಅಲ್ಲೂ ಗುರುತು ಬಿತ್ತು.

“ಮೇಲೆ ಗಾಜು, ಒಳಗಿನ್ನೂ ಬೆಣ್ಣೆ. ತೆಗೆದು ಮತ್ತೆ ಹೊಡಿ. ಆದ್ರೆ ಗಟ್ಟಿಯಾಗೋಕೆ ಮೂರು ವಾರ ಬೇಕು ಕಣಮ್ಮ.”

“ಶನಿವಾರ ಇದನ್ನ ನುಡಿಸ್ಬೇಕು ಮಾಮ!”

“ಶನಿವಾರನಾ? ನಿಮ್ಮತ್ತೆ ಕೈಯೂ ಗಿಟಾರೂ ಅಂಟ್ಕೊಂಡು ಒಂದೇ ಆಗತ್ತೆ. ಟವೆಲ್ ಹೊದಿಸದೇ ಇದ್ದಿದ್ರೂ ಅಷ್ಟೇ.”

“ಮೊದಲೇ ಯಾಕೆ ಹೇಳ್ಲಿಲ್ಲ?”

“ಶನಿವಾರ ಅಂತ ನೀನು ಯಾವತ್ತು ಹೇಳಿದ್ದೆ?”

ಹೇಳಿರಲಿಲ್ಲ. ಅಜ್ಜಿಯ ಮೇಲೆ ಹಾಕೋಣವೆಂದು ದಾರಿಯುದ್ದಕ್ಕೂ ಹೊತ್ತು ತಂದಿದ್ದ ಸಿಟ್ಟನ್ನು ವಾಪಸು ಹೊತ್ತುಕೊಂಡು ಹೋಗುವ ಹಾಗಿರಲಿಲ್ಲ.

ಮನೆಯಲ್ಲಿ ಅಜ್ಜಿ ಉಪಾಯ ಹೂಡಿ ಕಾಯುತ್ತಿದ್ದಳು. “ಅವಳಿಗೆ ಹೇಳ್ಬೇಡ. ಕಳ್ಳರು ಬಂದು ಹೊತ್ಕೊಂಡು ಹೋದ್ರು ಅನ್ನು. ನಾನು ಪಕ್ಕದಲ್ಲಿ ಕೂತು ಅಳ್ತೀನಿ. ಹೆತ್ತವಳು ಅತ್ತರೆ ನಂಬದೆ ಇರ್ತಾಳಾ?”

“ಕಳ್ಳರು ಕತ್ತು ಬಿಟ್ಟು ಮೈ ಹೊತ್ಕೊಂಡು ಹೋದ್ರಾ ಅಜ್ಜಿ?” ಎಂದು ನಾನು ಫೋನ್ ಎತ್ತಿದೆ. ಅತ್ತೆಗೆ ಎಲ್ಲವನ್ನೂ ಹೇಳಿದೆ. ಅರ್ಧ ಗಂಟೆಗೆ ಅವಳೇ ಬಂದಳು.

ಮಣಿಕಟ್ಟಿಗೆ ಬ್ಯಾಂಡೇಜ್ ಸುತ್ತಿದ್ದಳು. ಪ್ಲಾಸ್ಟರ್ ತೆಗೆದ ಕೈ ಇನ್ಯಾರದೋ ಕೈಯಂತೆ ಬಡಕಲಾಗಿತ್ತು. ಒಡಲನ್ನು ಹೊಟ್ಟೆಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ, ಬಲ ಮುಂಗೈಯನ್ನು ಮೇಲಂಚಿನ ಮೇಲೆ ಆಚೆ ಈಚೆ ಸರಿಸಿದಳು. ಕತ್ತಲಲ್ಲಿ ಸ್ವಿಚ್ಚಿಗೆ ತಡಕಾಡುವವರ ಹಾಗೆ.

“ಇಲ್ಲೊಂದು ಸವೆದ ಜಾಗ ಇತ್ತು.”

“ಅದು ಅಸಹ್ಯವಾಗಿ ಕಾಣ್ತಿತ್ತು ಅಂತಾನೇ ಅತ್ತೆ, ನಾನು…”

“ಅಸಹ್ಯ ಅಲ್ಲ, ಅದು ನನ್ನ ಕೈ!” ಅವಳು ಕಣ್ಣು ತೆರೆದಳು. “ಇಪ್ಪತ್ತು ವರ್ಷ ತೇಯ್ದಿದ್ದೀನಿ ಅಲ್ಲಿ. ಆ ದೀಪಗಳ ಕೆಳಗೆ ನಿಂತ್ರೆ ತಂತಿ ಕಾಣಲ್ಲ. ಮುಂಗೈ ಅಲ್ಲಿ ಕೂತ್ರೆ ಬೆರಳು ತಾನಾಗಿ ದಾರಿ ಹಿಡಿಯೋದು. ನನ್ನ ಕೇಳಿದ್ಯಾ ನೀನು? ಒಂದು ಮಾತು ಕೇಳಿದ್ಯಾ?”

ಅಪ್ಪ ಕೆಮ್ಮಿ, “ಒಂದು ದಿನಕ್ಕೆ ಆ ಬದಲಿ ಹುಡುಗನದ್ದನ್ನೇ ಕೇಳಿದ್ರೆ…” ಎಂದರು.

“ಅವನ ಗಿಟಾರ್ ಬೇಡ್ಕೊಂಡು ಅವನ ಜಾಗ ಕಿತ್ಕೊಳ್ಳೋದಾ ಅಣ್ಣ?” ಅತ್ತೆ ಒಡಲನ್ನು ಮೇಜಿನ ಮೇಲಿಟ್ಟಳು. “ಬಿಡು. ಮಾಸ್ಟರಿಗೆ ಹೇಳ್ತೀನಿ, ನನ್ನ ಕೈಲಾಗಲ್ಲ ಅಂತ.”

ಅವಳು ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ನಾನು ಹೋಗಿ ಬಾಗಿಲಿಗೆ ಅಡ್ಡ ನಿಂತೆ.

“ನಾಡಿದ್ದು ಮೂರು ಗಂಟೆಗೆ ಬಾ ಅತ್ತೆ. ಬಣ್ಣ ಇರಲ್ಲ, ಬರೀ ಮರ ಇರತ್ತೆ. ಆದ್ರೆ ನುಡಿಯತ್ತೆ.”

“ಇದನ್ನ ಹೇಳ್ತಿರೋದು ಯಾರು? ನಮ್ಮ ಅರೆಬರೆನಾ?”

“ಹೌದು.”

ಅವಳು ನನ್ನನ್ನು ಪಕ್ಕಕ್ಕೆ ಸರಿಸಿ ಇಳಿದುಹೋದಳು. ಬರುತ್ತೇನೆ ಎನ್ನಲಿಲ್ಲ. ಬರುವುದಿಲ್ಲ ಎಂದೂ ಅನ್ನಲಿಲ್ಲ. ನನಗೆ ಅಷ್ಟೇ ಸಾಕಾಗಿತ್ತು.

ಶುಕ್ರವಾರ ಅಂಗಡಿಗೆ ರಜೆ ಹಾಕಿದೆ. ಥಿನ್ನರ್ ಹಚ್ಚಿದ ಬಟ್ಟೆಗೆ ಲ್ಯಾಕರ್ ಕರಗಿ ಬಂತು, ಅದರ ಹಿಂದೆ ಹಸಿರೂ ಬಂತು. ಮೂರು ದಿನ ಹೊಡೆದ ಸಮುದ್ರ ಒಂದು ಗಂಟೆಯಲ್ಲಿ ನಾಲ್ಕು ಚಿಂದಿಬಟ್ಟೆಗಳಿಗೆ ಇಂಗಿತು. ಎಲ್ಲಕ್ಕಿಂತ ಕೆಳಗೆ ಹೊಡೆದಿದ್ದ ತಳಬಣ್ಣ, ಪ್ರೈಮರ್ ಮಾತ್ರ ಮರದ ರಂಧ್ರಗಳಲ್ಲಿ ಹಲ್ಲು ಕಚ್ಚಿ ಕೂತಿತ್ತು. ನಾನೂ ಹಲ್ಲು ಕಚ್ಚಿದೆ. ಮೊದಲು ಮರ ಉಜ್ಜುವ ಒರಟು ಉಪ್ಪುಕಾಗದ, ಆಮೇಲೆ ಮಧ್ಯಮ, ಆಮೇಲೆ ರೇಷ್ಮೆಯಂಥದು. ಮರದ ಗೆರೆ ಹೋದ ಕಡೆಗೇ ಉಜ್ಜಬೇಕು, ಅಡ್ಡ ಉಜ್ಜಿದರೆ ಗೀರು ಬೀಳುತ್ತದೆ. ಅಮ್ಮ ನನ್ನ ಬೆರಳುಗಳಿಗೆ ಅಂಟುಪಟ್ಟಿ ಸುತ್ತಿದಳು. ಉಪ್ಪುಕಾಗದ ಅದನ್ನೂ ತಿಂದಿತು. ಅಜ್ಜಿ ಪಕ್ಕದಲ್ಲಿ ಕೂತು ಕಥೆ ಹೇಳಲು ಬಾಯಿ ತೆರೆದಳು.

“ಕಥೆ ಬೇಡ ಅಜ್ಜಿ. ಈ ತುದಿ ಅಲುಗಾಡದ ಹಾಗೆ ಹಿಡ್ಕೋ.”

ಅಜ್ಜಿ ಹಿಡಿದುಕೊಂಡಳು. ಎರಡು ಗಂಟೆ ಮಾತಿಲ್ಲದೆ ಹಿಡಿದುಕೊಂಡಳು. ಅವಳ ಆಯುಷ್ಯದಲ್ಲೇ ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲಿರಬೇಕು.

ಶನಿವಾರ ಕತ್ತನ್ನು ಒಡಲಿಗೆ ಕೂರಿಸಿ ಬಿಗಿದೆ. ಮೊದಲೇ ತೆಗೆದಿಟ್ಟ ಫೋಟೊ ನೋಡಿಕೊಂಡು ವೈರುಗಳಿಗೆ ಬೆಸುಗೆ ಹಾಕಿದೆ. ಮೊದಲ ಸಲ ಬರೀ ಗುಂಯ್ ಎಂದಿತು. ಒಂದು ವೈರು ತಪ್ಪಿತ್ತು. ಬಿಚ್ಚಿ ಮತ್ತೆ ಹಾಕಿದೆ. ಮೂರಕ್ಕೆ ಹತ್ತು ನಿಮಿಷವಿರುವಾಗ ಅತ್ತೆ ಮೆಟ್ಟಿಲು ಹತ್ತಿ ಬಂದಳು. ಬೆಲ್ಟನ್ನು ಹೆಗಲಿಗೇರಿಸಿ, ನಾಲ್ಕು ಸ್ವರ ನುಡಿಸಿ, ಕಿವಿ ಕೊಟ್ಟಳು.

“ಸ್ಕ್ರೂಡ್ರೈವರ್ ಹಿಡ್ಕೊಂಡು ನೀನೂ ಬಾ,” ಎಂದಳು. ಮುಖದಲ್ಲಿ ಸಿಟ್ಟು ಇದ್ದ ಹಾಗೇ ಇತ್ತು.

ಸಭಾಂಗಣದಲ್ಲಿ ಜನ ಸೇರುತ್ತಿದ್ದರು. ಮಾಸ್ಟರು ಬರೀ ಮರದ ಗಿಟಾರ್ ಕಂಡು ಹುಬ್ಬೇರಿಸಿದರು. “ಇದೇನಮ್ಮ, ತರಕಾರಿ ಹೆಚ್ಚೋ ಮಣೆ ತಂದಿದ್ದೀರಾ?”

“ಹೌದು ಸಾರ್. ಎರಡು ಕ್ಯಾರೆಟ್ ಕೊಡಿ, ತಾಳ ಬಿಡದೆ ಹೆಚ್ಚಿಕೊಡ್ತೀನಿ,” ಎಂದಳು ಅತ್ತೆ.

ಬದಲಿಯವನು ಮೊದಲ ಸಾಲಿನಲ್ಲೇ ಕೂತಿದ್ದ. ಮಂಡಿಗಳ ನಡುವೆ ತನ್ನ ಗಿಟಾರಿನ ಪೆಟ್ಟಿಗೆ ನಿಲ್ಲಿಸಿಕೊಂಡಿದ್ದ. ನಾನು ವೇದಿಕೆಯ ಪಕ್ಕದ ಪರದೆಯ ಹಿಂದೆ ನಿಂತೆ.

ಮೊದಲ ಹಾಡಿನಲ್ಲಿ ಅತ್ತೆಯ ಮುಂಗೈ ಎರಡು ಸಲ ಜಾರಿತು. ಒಂದು ಸ್ವರ ತಪ್ಪಿತು. ಮಾಸ್ಟರು ತಿರುಗಿ ನೋಡಿದರು. ಎರಡನೆಯದರಲ್ಲಿ ಅವಳು ದೀಪಗಳಿಂದ ಮುಖ ತಿರುಗಿಸಿ ತಂತಿಗಳನ್ನೇ ನೋಡುತ್ತಾ, ಹೊಸದಾಗಿ ಕಲಿಯುವವರಂತೆ ನುಡಿಸಿದಳು. ತಪ್ಪಲಿಲ್ಲ. ಮೂರನೆಯದು ಅರ್ಧಕ್ಕೆ ಬಂದಿತ್ತು. ಬೆಲ್ಟ್ ಸಿಕ್ಕಿಸುವ ಹಿಂಬದಿಯ ಗುಂಡಿ ತಟಕ್ಕನೆ ಕಿತ್ತು ಬಂತು. ಮಧ್ಯಾಹ್ನ ಅದನ್ನು ತಿರುಗಿಸಿ ಕೂರಿಸಿದ್ದು ನಾನೇ. ಸ್ಕ್ರೂ ಮರವನ್ನು ಕಚ್ಚಿರಲಿಲ್ಲ.

ಗಿಟಾರಿನ ಭಾರವೆಲ್ಲ ಆ ಬಡಕಲು ಮಣಿಕಟ್ಟಿನ ಮೇಲೆ ಬಿತ್ತು. ಅತ್ತೆಯ ತುಟಿ ಬಿಗಿಯಿತು. ಬದಲಿಯವನ ಕೈ ಪೆಟ್ಟಿಗೆಯ ಚಿಲಕಕ್ಕೆ ಹೋಯಿತು.

ಸ್ಕ್ರೂಡ್ರೈವರ್ ನೆಲಕ್ಕೆ ಹಾಕಿ ನಾನು ವೇದಿಕೆಗೆ ನುಗ್ಗಿದೆ. ಬಗ್ಗಿ, ಮಂಡಿಯೂರಿ, ಅತ್ತೆಯ ಬೆನ್ನ ಹಿಂದಿನಿಂದ ತೋಳು ಚಾಚಿ ಒಡಲಿನ ಬುಡವನ್ನು ಎರಡೂ ಅಂಗೈಯಲ್ಲಿ ಹೊತ್ತೆ. ಸಭೆಯಲ್ಲಿ ಯಾರೋ ನಕ್ಕರು. ಅತ್ತೆ ನಿಲ್ಲಿಸಲಿಲ್ಲ. ಅವಳು ತಂತಿ ಮೀಟಿದಾಗೆಲ್ಲ ಬತ್ತಲೆ ಮರ ನನ್ನ ಅಂಗೈಯೊಳಗೆ ಮಿಡಿಯಿತು. ಸಿಪ್ಪೆಯೆದ್ದ ಬೆರಳುಗಳು ಉರಿಯುತ್ತಿದ್ದವು, ತೋಳು ನಡುಗುತ್ತಿತ್ತು. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದೆ.

ಹಾಡು ಮುಗಿದು ಚಪ್ಪಾಳೆ ಬಿತ್ತು. ಮಾಸ್ಟರು ನಮ್ಮಿಬ್ಬರನ್ನೂ ನೋಡಿದರು. ಮೊದಲ ಸಾಲಿನತ್ತ ನೋಡಿ, ಕೂತ್ಕೋ ಎಂಬಂತೆ ಕೈಸನ್ನೆ ಮಾಡಿದರು. ಮುಂದಿನ ಹಾಡಿಗೆ ಬೆರಳೆತ್ತಿದರು.

ಅತ್ತೆ ತಿರುಗದೆಯೇ ಹೇಳಿದಳು: “ಇನ್ನೂ ನಾಲ್ಕು ಹಾಡಿದೆ.”

“ಇರ್ಲಿ.”

“ಇದು ಸ್ವಲ್ಪ ಜೋರು. ಮಂಡಿ ಅಗಲಿಸಿ ಕೂತ್ಕೋ.”

ನಾನು ಮಂಡಿ ಅಗಲಿಸಿ ಕೂತೆ.