ಹಾಲವಾಣದ ಕೀಲು

ರೋಣದ ಊರಬಾಗಿಲಾದ ಅಗಸಿಯ ಹೊರಗೆ ಬೇವಿನ ಮರದ ಬುಡದಲ್ಲಿ ಬಡಿಗೇರ ಮೌನಪ್ಪನ ಛಪ್ಪರವಿತ್ತು. ಹೆಸರಷ್ಟೇ ಮೌನಪ್ಪ, ಬಾಯಿ ಮಾತ್ರ ಗಾಲಿಗಿಂತ ಜೋರಾಗಿ ತಿರುಗುತ್ತಿತ್ತು. ನಲವತ್ತು ವರ್ಷ ಅವನು ಮಾಡಿದ್ದು ಒಂದೇ ಕೆಲಸ, ಚಕ್ಕಡಿಯ ಗಾಲಿ ದುರಸ್ತಿ. ಗಾಲಿಯೊಳಗಿನ ಸಡಿಲಾದ ಅರೆಕಡ್ಡಿಗಳನ್ನು ಬಿಗಿದು, ಗಾಲಿ ಜಾರದಂತೆ ಅಚ್ಚಿನ ತುದಿಗೆ ಜಾಲಿಯ ಕೀಲು ಬಡಿದು ಕಳಿಸಿದನೆಂದರೆ ಮುಗಿಯಿತು. ಗಜೇಂದ್ರಗಡಕ್ಕೆ ಹೋಗಲಿ, ನರಗುಂದಕ್ಕೆ ಹೋಗಲಿ, ಆ ಗಾಲಿ ದಾರಿಯಲ್ಲಿ ಕೈಕೊಟ್ಟದ್ದಿಲ್ಲ. ಈ ಮಾತನ್ನು ಅವನೇ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ. ಖರೇ ಇದ್ದದ್ದರಿಂದ ಯಾರೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ.

ಆದರೆ ಕಂಪನಿ ಸರಕಾರದ ವಿರುದ್ಧ ನರಗುಂದದಲ್ಲಿ ದಂಗೆ ಎದ್ದುದರ ಹಿಂದಿನ ವರ್ಷ ಅವನಿಗೆ ಛಪ್ಪರವೇ ಬಣಬಣ ಅನ್ನಿಸತೊಡಗಿತ್ತು. ಅರಳೆ ವ್ಯಾಪಾರಿ ಮಹಾಲಿಂಗಪ್ಪನ ಮಗಳು ಬಾಳವ್ವ ಬೆಳೆದದ್ದೇ ಅಲ್ಲಿ ಎನ್ನಬೇಕು. ಹಳೆಯ ಗಾಲಿಯಿಂದ ಕಳಚಿದ ಕಬ್ಬಿಣದ ಬಳೆಯನ್ನು ಕೋಲಿನಿಂದ ಉರುಳಿಸುತ್ತ ದಿನವಿಡೀ ಬೇವಿನ ಮರ ಸುತ್ತುತ್ತಿದ್ದಳು. ಕಾದ ಕಬ್ಬಿಣದ ಹಳಿಯನ್ನು ಗಾಲಿಯ ಸುತ್ತ ಏರಿಸುವ ದಿನ ಬಂದರೆ ಮೊದಲ ತಂಬಿಗೆ ನೀರು ತಾನೇ ಸುರಿಯಬೇಕೆಂದು ಹಟ. ಸುಂಯ್ ಎಂದು ಉಗಿ ಎದ್ದರೆ ಕುಣಿದಾಡುವಳು. ಬೈಯಲು ಬಂದ ಅಪ್ಪನೂ ನಿಂತು ನೋಡಿ ನಗುತ್ತಿದ್ದ. ಅಂಥ ಹುಡುಗಿಯನ್ನು ಹೊಳೆಆಲೂರಿಗೆ ಕೊಟ್ಟು ಎರಡು ವರ್ಷವಾಗಿತ್ತು. ಹಳಿ ಏರಿಸುವಾಗ ಮೌನಪ್ಪ ಈಗಲೂ ಮೊದಲ ನೀರಿಗೆ ಅರೆಗಳಿಗೆ ಕಾಯುತ್ತಿದ್ದ.

ಕುಬಸ ಮುಗಿಸಿ ಮಗಳನ್ನು ಚೊಚ್ಚಲ ಬಾಣಂತನಕ್ಕೆ ಕರೆತರಲು ಹೋದ ಮಹಾಲಿಂಗಪ್ಪನನ್ನು ಬೀಗರು ಬರಿಗೈಲಿ ಕಳಿಸಿದ್ದರು. ಮೊದಲ ಕೂಸು ತಮ್ಮ ಮನೆಯಲ್ಲೇ ಹುಟ್ಟಬೇಕಂತೆ. ಮಾತಿಗೆ ಮಾತು ಬೆಳೆದು, ಇನ್ನು ನಿಮ್ಮೂರ ಅಗಸಿ ದಾಟಿದರೆ ನಾನು ನನ್ನಪ್ಪನ ಮಗನಲ್ಲ ಎಂದು ಆಣೆ ಮಾಡಿ ಬಂದ. ಕೂಸು ಹುಟ್ಟಿ ನಾಲ್ಕು ತಿಂಗಳಾಯಿತು. ಅಜ್ಜ ಅದರ ಮುಖ ನೋಡಿರಲಿಲ್ಲ. ವಾರಕ್ಕೊಮ್ಮೆ ಒಬ್ಬನೇ ಚಕ್ಕಡಿ ಹೂಡಿ, ಗಜೇಂದ್ರಗಡದ ಸಂತೆಗೆ ಎಂದು ಹೊರಡುತ್ತಿದ್ದ, ಅಷ್ಟೇ.

ಒಂದು ದಿನ ಆ ಚಕ್ಕಡಿಯ ಎಡಗಾಲಿ ಕಿರಗುಟ್ಟುತ್ತದೆಂದು ಮೌನಪ್ಪನಲ್ಲಿ ಬಿಟ್ಟುಹೋದ. ಮೌನಪ್ಪ ಗಾಲಿ ಕಳಚಿದರೆ ಕೀಲೆಣ್ಣೆಯ ತುಂಬ ಉಸುಕು. ಗಜೇಂದ್ರಗಡದ ದಾರಿಯದು ಕೆಂಪು ಗರಸು. ಇದು ಮಲಪ್ರಭೆಯ ದಂಡೆಯದು, ಹೊಳೆಆಲೂರಿನ ಕಡೆಯದು. ಕೀಲು ಒಂದೇ ಮಗ್ಗುಲಿಗೆ ಸವೆದಿತ್ತು. ಇಕ್ಕಟ್ಟಿನಲ್ಲಿ ಪ್ರತಿ ಸಲ ಒಂದೇ ಕಡೆಗೆ ಗಕ್ಕನೆ ಚಕ್ಕಡಿ ಹೊರಳಿಸಿದರೆ ಮಾತ್ರ ಹಾಗೆ ಸವೆಯುತ್ತದೆ. ಚಕ್ಕಡಿಯಲ್ಲಿ ಹಾಸಿದ ಹುಲ್ಲಿನೊಳಗೆ ಇರುವೆ ಹರಿಯುತ್ತಿದ್ದವು. ಸರಿಸಿ ನೋಡಿದರೆ ಅರಿವೆಯ ಗಂಟು, ಅದರಲ್ಲಿ ಬಾಣಂತಿಗೆಂದು ಕಟ್ಟಿದ ಅಂಟಿನುಂಡಿ. ಒಣಗಿ ಕಲ್ಲಾಗಿದ್ದವು.

ಮೌನಪ್ಪನಿಗೆ ಸಂಗತಿ ಹೊಳೆಯಿತು. ವಾರವಾರವೂ ಈ ಮನುಷ್ಯ ಉಂಡಿ ಕಟ್ಟಿಕೊಂಡು ಹೊಳೆಆಲೂರಿನ ಅಗಸಿಯ ತನಕ ಹೋಗಿ, ಅಲ್ಲೇ ಹೊರಳಿಸಿಕೊಂಡು ಬರುತ್ತಿದ್ದಾನೆ! ಬುದ್ಧಿ ಹೇಳೋಣವೆಂದರೆ ಆಸಾಮಿ ಮಹಾ ಬಿಗುಮಾನದವನು. ಗುಟ್ಟು ರಟ್ಟಾಯಿತೆಂದು ತಿಳಿದರೆ ಅಗಸಿಯ ತನಕ ಹೋಗುವುದನ್ನೂ ಬಿಟ್ಟಾನು.

ಗಂಟನ್ನು ಇದ್ದಲ್ಲೇ ಇಟ್ಟು ಎರಡು ದಿನ ಯೋಚಿಸಿದ. ಮೂರನೆಯ ದಿನ ಬಾಳವ್ವನ ಮದುವೆಯ ಹಂದರಕ್ಕೆ ಕಡಿದು ಉಳಿದಿದ್ದ ಹಾಲವಾಣದ ತುಂಡನ್ನು ಮೂಲೆಯಿಂದ ತೆಗೆದ. ಮೆತ್ತನೆಯ ಕಟ್ಟಿಗೆ. ಅದರಲ್ಲಿ ಕೀಲು ಕೆತ್ತಿ, ಕೀಲೆಣ್ಣೆ ಬಳಿದು ಜಾಲಿಯಂತೆ ಕಪ್ಪಾಗಿಸಿದ. ಖಾಲಿ ಚಕ್ಕಡಿ ನೆಟ್ಟಗೆ ಹೋದರೆ ತಡೆದೀತು, ಗಕ್ಕನೆ ಹೊರಳಿಸಿದರೆ ತಡೆಯದು. ಅದನ್ನೇ ಅಚ್ಚಿಗೆ ಬಡಿದ. ನಲವತ್ತು ವರ್ಷದ ಹೆಸರನ್ನು ತಾನೇ ಮಣ್ಣುಪಾಲು ಮಾಡುತ್ತಿದ್ದ. ಚಕ್ಕಡಿ ಒಯ್ಯಲು ಬಂದ ಮಹಾಲಿಂಗಪ್ಪನಿಗೆ ಇಷ್ಟೇ ಹೇಳಿದ: “ಸಾವಕಾಶ ಹೋಗ್ರಿ, ಸಾವಕಾರ್ರ.”

ಮುಂದಿನ ಸಂತೆಯ ದಿನ ಹೋದ ಚಕ್ಕಡಿ ಸಂಜೆಯಾದರೂ ಬರಲಿಲ್ಲ. ಮೌನಪ್ಪನಿಗೆ ಅನ್ನ ಸೇರಲಿಲ್ಲ. ಕೀಲು ನಡುದಾರಿಯಲ್ಲೇ ಮುರಿದು ಮನುಷ್ಯ ಬಿದ್ದಿದ್ದರೆ? ಮರುದಿನ ಆ ಕಡೆಯಿಂದ ಬಂದ ಗಾಡಿಯವರು ಮೌನಪ್ಪನ ಕೀಲು ಮುರಿಯಿತೆಂದು ಪೇಟೆಯಲ್ಲೆಲ್ಲ ಹೇಳಿಕೊಂಡು ನಕ್ಕರು. ಯಾರಿಗೂ ಪೆಟ್ಟಾಗಿಲ್ಲವೆಂದು ಗೊತ್ತಾದ ಮೇಲೆ ಅವರ ನಗೆಯೂ ಅವನಿಗೆ ಹಿತವೆನಿಸಿತು.

ಮೂರನೆಯ ದಿನ ಮಹಾಲಿಂಗಪ್ಪ ಬಂದ. ಮುರಿದ ಕೀಲನ್ನು ಮೌನಪ್ಪನ ಮುಂದಿಟ್ಟು ಕುಳಿತ.

“ಜಾಲಿ ಬಿಟ್ಟು ಬ್ಯಾರೆ ಕಟ್ಟಿಗಿ ಮುಟ್ಟದಾಂವ ನೀ. ಇದು ಹಾಲವಾಣ.”

ಮೌನಪ್ಪ ತಲೆ ಎತ್ತಲಿಲ್ಲ. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಜನ್ಮದಲ್ಲಿ ಅಂದೊಂದು ದಿನ ಹೆಸರಿಗೆ ತಕ್ಕಂತೆ ಕುಳಿತಿದ್ದ.

“ನಾ ಅಗಸಿ ದಾಟಲಿಲ್ಲೋ ಮೌನಪ್ಪ, ಗಾಲಿ ದಾಟಿತು,” ಎಂದ ಮಹಾಲಿಂಗಪ್ಪ. “ಇಳಿಜಾರಿನಾಗ ಉಳ್ಳಿಕೋತ ಊರೊಳಗ ಹೋತು. ನಾ ಹೊರಗ ನಿಂತಿದ್ದೆ. ಒಂದ್ ಸ್ವಲ್ಪ ಹೊತ್ತಿಗೆ ಅದ ಗಾಲಿ ಹೊಳ್ಳಿ ಬರಾಕತ್ತಿತು. ಯಾರು ಉಳ್ಳಿಸ್ಕೋತ ಬಂದ್ರು ಹೇಳು.”

ಮೌನಪ್ಪ ಈಗ ತಲೆ ಎತ್ತಿದ. ಮಹಾಲಿಂಗಪ್ಪನೇ ಹೇಳಿದ:

“ನಮ್ಮ ಬಾಳಿ. ಮಂದಿ ಕೈ ಹಚ್ಚಾಕ ಬಂದ್ರ ಒಬ್ಬರಿಗೂ ಬಿಡಲಿಲ್ಲಂತ. ಸಣ್ಣಾಕಿದ್ದಾಗ ಬಳಿ ಉಳ್ಳಿಸ್ತಿದ್ದಳಲ್ಲ, ಹಾಂಗ.”

ಹೇಳುತ್ತ ಹೇಳುತ್ತ ಅವನ ಕಣ್ಣು ತುಂಬಿ ಬಂದವು. ಬೀಗರೂ ಅವಳ ಬೆನ್ನಿಗೇ ಬಂದರಂತೆ. ಗಾಲಿ ಕಳಚಿ ನಿಂತವನನ್ನು ಹಾಗೇ ಬಿಟ್ಟು ಹೋಗಲಾದೀತೇ? ಅಗಸಿಯ ಹೊರಗಿನ ಕಟ್ಟೆಗೇ ಊಟ ತಂದರು, ಕೂಸನ್ನೂ ತಂದು ತೊಡೆಯ ಮೇಲೆ ಹಾಕಿದರು. ಆಣೆಯೂ ಉಳಿಯಿತು, ಮಗಳೂ ಸಿಕ್ಕಳು.

“ಈಗ ಜಾಲೀದು ಬಡಿ,” ಎಂದು ಮಹಾಲಿಂಗಪ್ಪ ಎದ್ದ. “ಕೂಸು ಕುಂತು ಬರೂದದ.”

ಮೌನಪ್ಪ ಇದ್ದುದರಲ್ಲೇ ಗಟ್ಟಿ ಜಾಲಿ ಆರಿಸಿ ಎರಡೂ ಗಾಲಿಗೆ ಹೊಸ ಕೀಲು ಬಡಿದ. ಆ ಮೇಲೆ ಹಳೆಯ ಬಳೆಯನ್ನು ಹುಡುಕಿ ತೆಗೆದು ತುಕ್ಕು ಉಜ್ಜಿಟ್ಟ.

ಮೌನಪ್ಪನ ಕೀಲು ಮುರಿದ ಸುದ್ದಿ ಸೂಡಿ, ಬೆಳವಣಕಿಯ ತನಕ ಹಬ್ಬಿತು, ಬಹಳ ವರ್ಷ ಉಳಿಯಿತು. ನನ್ನ ಗಾಲಿ ಕೈಕೊಟ್ಟದ್ದಿಲ್ಲ ಎಂಬ ಮಾತನ್ನು ಅವನು ಮತ್ತೆಂದೂ ಆಡಲಿಲ್ಲ. ಯಾರಾದರೂ ಕೆಣಕಿದರೆ, ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟು ನೆಮ್ಮದಿಯಿಂದ ಹೇಳುತ್ತಿದ್ದ: “ಹೌದ್ರಿ, ಒಂದು ಮುರಿದಿತ್ತು.”