ಹದಿನಾರು ಸೊನ್ನೆ

ಮೂರು ಗಂಟೆಗೆ ಆಸ್ಪತ್ರೆಯ ಗಾಡಿ ಬರುವುದಿತ್ತು. ಈಗ ಹನ್ನೊಂದೂಕಾಲು. ಸ್ಟೀಲಿನ ತಟ್ಟೆಯ ಮೇಲೆ ಒಂದು ಚಮಚ ಮೆತ್ತನೆಯ ಹಸಿ ಮೀನಿನ ಹಿಟ್ಟನ್ನು ಹರಡಿಕೊಂಡು ಅವಳು ಹೆಬ್ಬೆರಳು, ತೋರುಬೆರಳ ನಡುವೆ ತಿಕ್ಕುತ್ತಿದ್ದಳು. ಏನೂ ಸಿಗಲಿಲ್ಲ. ಏನೂ ಸಿಗದಿರುವುದೇ ಅವಳ ಭಯವಾಗಿತ್ತು.

ಹಾಜರಿ ಪುಸ್ತಕದಲ್ಲಿ ಅವಳಿಗೆ ಬೇರೆ ಹೆಸರಿತ್ತು. ಕೆಲಸದ ಜಾಗದಲ್ಲಿ ಎಲ್ಲರಿಗೂ ಅವಳು ಮುಳ್ಳಕ್ಕ. ಕೂದಲಿಗಿಂತ ತೆಳುವಾದ ಮುಳ್ಳನ್ನೂ ಬೆರಳ ತುದಿಯಿಂದಲೇ ಹಿಡಿಯುವವಳು. ಅಲ್ಲಿಗೆ ಬರುತ್ತಿದ್ದದ್ದು ಯಾರಿಗೂ ಬೇಡದ ಮೀನು. ಅಂಗೈಯಷ್ಟೇ ಉದ್ದ, ಮೈತುಂಬ ಮುಳ್ಳು. ದೋಣಿಯವರು ಅದನ್ನು ನೀರಿಗೇ ಎಸೆಯುತ್ತಿದ್ದರು, ಇಲ್ಲವೇ ಕೋಳಿ ಮೇವಿಗೆ ಕೊಡುತ್ತಿದ್ದರು. ಈ ಘಟಕ ನಡೆಸುವ ಮೇಡಂ ಮೂರು ವರ್ಷ ಅದರ ಹಿಂದೆ ಬಿದ್ದಿದ್ದರು. ಯಂತ್ರದ ಬೆಲ್ಟು ಮೀನನ್ನು ತೂತಿನ ಡ್ರಮ್ಮಿಗೆ ಒತ್ತಿದರೆ ಮಾಂಸ ಹಿಟ್ಟಿನಂತೆ ಒಳಗಿಳಿಯುತ್ತದೆ, ಮುಳ್ಳೂ ಚರ್ಮವೂ ಹೊರಗುಳಿಯುತ್ತವೆ. ಆ ಮಾಂಸಕ್ಕೆ ಮೊಟ್ಟೆಯ ಬಿಳಿ, ಹಾಲಿನ ಪುಡಿ ಸೇರಿಸಿ, ಪುಟ್ಟ ಬಟ್ಟಲಲ್ಲಿ ಹಬೆಯಲ್ಲಿ ಬೇಯಿಸಿದರೆ ನಾಲಿಗೆಯ ಮೇಲೆ ಕರಗುವ ಬಿಲ್ಲೆ. ಅಗಿಯಲಾಗದವರಿಗೆ, ಲಕ್ವ ಹೊಡೆದು ನುಂಗಲು ಕಷ್ಟಪಡುವವರಿಗೆ. ನಾಳೆ ಮಧ್ಯಾಹ್ನ ಅಂಥ ಹನ್ನೆರಡು ಜನ ಮೊದಲ ಬಾರಿ ಇದನ್ನು ತಿನ್ನಲಿದ್ದರು. ಗಂಟಲಲ್ಲಿ ಮುಳ್ಳು ಸಿಕ್ಕಿದರೆ ಕೆಮ್ಮಿ ಹೊರಹಾಕುವ ಶಕ್ತಿಯೂ ಇಲ್ಲದವರು.

ಬೆಲ್ಟಿನ ಬಿಗಿ ಒಂದಿಷ್ಟು ಹೆಚ್ಚುಕಡಿಮೆಯಾದರೂ ಸಾಕು, ಎಳೆ ಮುಳ್ಳುಗಳು ನುಸುಳಿಬಿಡುತ್ತವೆ. ಅದಕ್ಕೇ ಬೆರಳು ಬೇಕಿತ್ತು.

ಅವಳ ಬೆರಳ ತುದಿಗೆ ಜೋಮು ಹಿಡಿದು ಒಂದು ತಿಂಗಳಾಗಿತ್ತು. ಮೊದಲು ಮಂಜುಗಡ್ಡೆಯ ನೀರಿನಿಂದ ಎಂದುಕೊಂಡಳು. ಆಮೇಲೆ ಒಂದು ಬೆಳಿಗ್ಗೆ ರವಿಕೆಯ ಹುಕ್ಕು ಕೈಗೆ ಸಿಗಲಿಲ್ಲ, ಕನ್ನಡಿ ನೋಡಿಕೊಂಡೇ ಹಾಕಿಕೊಳ್ಳಬೇಕಾಯಿತು. ಮನೆಯಲ್ಲಿ ಅಕ್ಕಿಯ ನಡುವೆ ಒಂದು ಮುಳ್ಳಿಟ್ಟು, ಕಣ್ಣು ಮುಚ್ಚಿ ಹುಡುಕಿ ನೋಡಿದಳು. ಗಂಡ ಬಂದು, "ಏನೇ, ಅಕ್ಕಿ ಆರಿಸೋದಕ್ಕೂ ಧ್ಯಾನ ಬೇಕಾ?" ಎಂದ. ಏನಿಲ್ಲ ಎಂದಳು. ಆ ಮುಳ್ಳು ಅವಳಿಗೆ ಸಿಗಲೇ ಇಲ್ಲ.

ಆದರೂ ಹಾಳೆಯಲ್ಲಿ ದಿನವೂ ಬರೆದು ಸಹಿ ಹಾಕಬೇಕಿತ್ತು: ಸಿಕ್ಕ ಮುಳ್ಳು ಎಷ್ಟು. ಸೊನ್ನೆ ಎಂದು ಬರೆದಳು. ಮರುದಿನವೂ ಸೊನ್ನೆ. ಹದಿನಾರು ದಿನ ಹೀಗೇ ಆಯಿತು. ಮೇಡಂ ಅದನ್ನು ಚಾರ್ಟು ಮಾಡಿ ಗೋಡೆಗೆ ಅಂಟಿಸಿದರು. ಯಂತ್ರ ಕೊನೆಗೂ ಪಳಗಿತು ಎಂದು ಎಲ್ಲರೂ ನಂಬಿದರು. ಆಸ್ಪತ್ರೆಯವರು ಒಪ್ಪಿದ್ದು ಆ ಚಾರ್ಟು ನೋಡಿಯೇ. ಅವಳೂ ನಂಬಲು ನೋಡಿದ್ದಳು. ಯಂತ್ರವೇ ಸರಿಹೋಗಿರಬಾರದೇಕೆ?

ತಂಪು ಕೋಣೆಯ ಬಾಗಿಲ ಮರೆಗೆ ಹೋಗಿ ಒಂದಿಷ್ಟು ಹಿಟ್ಟನ್ನು ಕೆಳತುಟಿಗೆ ಒತ್ತಿ ಸವರಿಕೊಂಡಳು. ತುಟಿಗಾದರೂ ತಿಳಿದೀತು.

"ಅತ್ತಿಗೆ, ಹಸಿ ಮೀನೇ ಶುರು ಮಾಡಿದ್ರಾ? ಹಿತ್ತಲ ಬೆಕ್ಕಿಗೆ ಹೇಳ್ತೀನಿ, ಪಾಲಿಗೆ ಇನ್ನೊಬ್ಬರು ಬಂದ್ರು ಅಂತ."

ನಾದಿನಿ. ಯಂತ್ರ ನಡೆಸುವುದು ಅವಳೇ. ನಗುತ್ತ ಬಂದವಳು ಅತ್ತಿಗೆಯ ಮುಖ ನೋಡಿ ನಿಂತಳು. "ಯಾಕೆ, ಏನಾಯ್ತು?"

"ಬೆರಳಿಗೆ ಗೊತ್ತಾಗ್ತಿಲ್ಲ ಕಣೆ."

"ಇವತ್ತಾ?"

"ತಿಂಗಳಾಯ್ತು."

ನಾದಿನಿ ಬಾಗಿಲತ್ತ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಹದಿನಾರು ದಿನದಿಂದ ಮುಳ್ಳೇ ಬಂದಿಲ್ಲ. ಬೆಲ್ಟಿನ ಬಿಗಿ ನಾನೇ ಸರಿ ಮಾಡಿದ್ದು. ಸುಮ್ನೆ ಸಹಿ ಹಾಕಿ. ನಾಳೆ ಡಾಕ್ಟರ್ ಹತ್ರ ಹೋಗಿಬರೋಣ."

"ಮುಳ್ಳು ಬಂದಿಲ್ಲ ಅಂತ ನಿನಗೆ ಹೇಳಿದ್ದು ಯಾರು?"

"ನೀವೇ ತಾನೆ," ಎಂದಳು ನಾದಿನಿ.

ತುಟಿಯನ್ನು ಸೆರಗಿನಿಂದ ಒರೆಸಿಕೊಂಡು ಮೇಡಂ ಕೋಣೆಯವರೆಗಿನ ಇಪ್ಪತ್ತು ಹೆಜ್ಜೆ ನಡೆಯುವಾಗ ಅವಳಿಗೆ ಹನ್ನೆರಡು ಜನರ ನೆನಪು ಬರಲಿಲ್ಲ. ಬಂದದ್ದು ತನ್ನದೇ ಚಿಂತೆ. ಈ ಬೆರಳು ಬಿಟ್ಟರೆ ಇಲ್ಲಿ ತಾನು ಯಾರು? ಆ ಯೋಚನೆಗೆ ನಾಚಿಕೆಯಾಯಿತು, ಆದರೆ ಅದು ಹೋಗಲಿಲ್ಲ.

ಮೇಡಂ ಹಾಳೆಯನ್ನೇ ಕಾಯುತ್ತಿದ್ದರು. "ಬನ್ನಿ ಮುಳ್ಳಕ್ಕ. ಹದಿನೇಳನೇ ಸೊನ್ನೆ ತಾನೆ?"

"ಸಹಿ ಹಾಕೋಕೆ ಆಗಲ್ಲ ಮೇಡಂ. ನನ್ನ ಬೆರಳಿಗೆ ಸ್ಪರ್ಶ ಇಲ್ಲ."

ಮೇಡಂ ಕನ್ನಡಕ ತೆಗೆದರು. ಗೋಡೆಯ ಚಾರ್ಟಿನತ್ತ ತಿರುಗಿದರು.

"ಹಾಗಾದ್ರೆ ಈ ಸೊನ್ನೆಗಳೆಲ್ಲ?"

"ಅವು ಯಂತ್ರದವು ಅಲ್ಲದೆ ಇರಬಹುದು. ನನ್ನ ಕೈಯವು."

ಬೈಯುತ್ತಾರೆಂದು ಕಾದಳು. ಮೇಡಂ ಬೈಯಲಿಲ್ಲ, ಕೂತುಕೊಳ್ಳಿ ಎಂದೂ ಹೇಳಲಿಲ್ಲ. ಫೋನು ಎತ್ತಿ ಆಸ್ಪತ್ರೆಗೆ, "ಇವತ್ತು ಗಾಡಿ ಕಳಿಸಬೇಡಿ," ಎಂದಷ್ಟೇ ಹೇಳಿ ಇಟ್ಟರು. ಆಮೇಲೆ, "ಫ್ರೀಜರಲ್ಲಿ ದಿನಕ್ಕೊಂದು ಬಟ್ಟಲು ಹಿಟ್ಟು ಎತ್ತಿಟ್ಟಿದೀವಲ್ಲ, ಅಷ್ಟನ್ನೂ ತೆಗೆಸಿ. ನಿಮ್ಮ ನಾದಿನಿ ತಿಕ್ಕಲಿ. ಹೇಗೆ ಅಂತ ನೀವು ನಿಂತು ಹೇಳಿಕೊಡಿ," ಎಂದರು.

ಮಂಜು ಕರಗಿದ ಹದಿನಾರು ಬಟ್ಟಲು ಸಾಲಾಗಿ ಕೂತವು. "ಒತ್ತಬೇಡ, ಜಾರಿಸು," ಎಂದಳು ಅವಳು. "ಅದು ತಾನಾಗಿ ಬೆರಳಿಗೆ ತಗಲಬೇಕು." ತನಗೆ ಯಾರೂ ಕಲಿಸಿರದ ಕೆಲಸಕ್ಕೆ ಮಾತು ಹುಡುಕುವುದು ಕಷ್ಟವಾಯಿತು. ಮೊದಲ ಮೂರರಲ್ಲಿ ಏನೂ ಇರಲಿಲ್ಲ. ಅವಳ ಎದೆಯಲ್ಲಿ ಒಂದು ಹಾಳು ಆಸೆ ತಲೆಯೆತ್ತಿತು. ನಾಲ್ಕನೆಯದರಲ್ಲಿ ನಾದಿನಿಯ ಕೈ ನಿಂತಿತು.

ಎರಡು ಬೆರಳ ನಡುವಿನಿಂದ ನಾದಿನಿ ಎಳೆದು ತಟ್ಟೆಯ ಮೇಲಿಟ್ಟಾಗ ಅದು ಬಾಗಿದ್ದ ಗಾಜಿನ ಎಳೆಯಂತಿತ್ತು. ಉಗುರಿನಷ್ಟೇ ಉದ್ದ.

"ಅತ್ತಿಗೆ, ರಾತ್ರಿ ಊಟಕ್ಕೆ ಅಂತ ಅಮ್ಮನಿಗೆ ಒಯ್ತಿದ್ರಲ್ಲ ಬಿಲ್ಲೆ," ನಾದಿನಿ ತಲೆ ಎತ್ತಲಿಲ್ಲ. "ಯಾವ ದಿನದ್ದು?"

"ಎಲ್ಲ ದಿನದ್ದೂ."

ನಾದಿನಿ ಕೈ ತೊಳೆದು ಮನೆಗೆ ಫೋನು ಮಾಡಿದಳು. ನಾಲ್ಕು ಸಲ ರಿಂಗಾದ ಮೇಲೆ ಅತ್ತೆಯ ದನಿ ಇಬ್ಬರಿಗೂ ಕೇಳಿಸಿತು: ಈ ಹೊತ್ತಲ್ಲಿ ಯಾಕೆ ಫೋನು, ಈಗ ತಾನೆ ಕಣ್ಣು ಹತ್ತಿತ್ತು, ಒಬ್ಬರಿಗೂ ನನ್ನ ನಿದ್ದೆಯ ಮೇಲೆ ಕರುಣೆ ಇಲ್ಲ.

"ಗಂಟಲು ಹೇಗಿದೆ ಅಮ್ಮ?"

"ಗಂಟಲಿಗೇನಾಗಿದೆ, ಮೊಣಕಾಲು ಕೇಳು."

ನಾದಿನಿ ಫೋನು ಇಟ್ಟಳು. ಅತ್ತಿಗೆಯ ಮುಖ ನೋಡಲಿಲ್ಲ. ಕೈಯನ್ನು ಮತ್ತೆ ಒದ್ದೆ ಮಾಡಿಕೊಂಡು ಮುಂದಕ್ಕೆ ಚಾಚಿದಳು. ಮುಳ್ಳಕ್ಕ ಐದನೆಯ ಬಟ್ಟಲನ್ನು ಎರಡೂ ಕೈಯಲ್ಲಿ, ಬೀಳಿಸದ ಹಾಗೆ ಕಣ್ಣಿಟ್ಟು ನೋಡಿಕೊಂಡೇ ಅವಳಿಗೆ ಕೊಟ್ಟಳು.