ಕಿರಿಯವಳ ಮೂಳೆಯ ವಯಸ್ಸು

ಬಿಸ್ಕತ್ತು ಕಾರ್ಖಾನೆಯಲ್ಲಿ ಪೊಟ್ಟಣ ಕಟ್ಟುವ ಆ ತಾಯಿ ಅರ್ಧ ದಿನ ರಜೆ ಹಾಕಿ ಆಸ್ಪತ್ರೆಗೆ ಬಂದದ್ದು ಹಿರಿಮಗಳಿಗಾಗಿ. ಹದಿಮೂರು ತುಂಬಿದರೂ ಹುಡುಗಿ ಇನ್ನೂ ಮೈನೆರೆದಿರಲಿಲ್ಲ, ಕಡ್ಡಿಯ ಹಾಗಿದ್ದಳು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲವೆಂದು ಕಿರಿಯವಳನ್ನೂ ಎಳೆದುಕೊಂಡು ಬಂದಿದ್ದಳು, ಅಷ್ಟೇ.

"ಇವಳಿಗೇನೂ ಆಗಿಲ್ಲ. ಇನ್ನೂ ಟೈಮಿದೆ, ಗಾಬರಿ ಬೇಡ," ಎಂದರು ಡಾಕ್ಟರಮ್ಮ. ಆಮೇಲೆ ಅವರ ಕಣ್ಣು ತೂಕದ ಯಂತ್ರವನ್ನು ಹತ್ತಿ ಇಳಿಯುತ್ತಿದ್ದ ಕಿರಿಯವಳ ಮೇಲೆ ನಿಂತಿತು. "ಇವಳಿಗೆಷ್ಟು?"

"ಏಳೂವರೆ. ಇವಳ ಚಿಂತೆಯೇ ಇಲ್ಲ ಡಾಕ್ಟ್ರೇ, ಕೊಟ್ಟಿದ್ದೆಲ್ಲ ತಿಂತಾಳೆ." ತಾಯಿಯ ಮುಖ ಅರಳಿತು.

"ನನ್ನ ಪಾಲೂ ಇವಳದ್ದೇ," ಹಿರಿಯವಳು ಚುಚ್ಚಿದಳು. "ಮುಂದಿನ ವರ್ಷ ನನ್ನನ್ನೇ ಕಂಕುಳಲ್ಲಿ ಎತ್ಕೊಂಡು ಓಡಾಡ್ತಾಳೆ."

ಡಾಕ್ಟರಮ್ಮ ನಗಲಿಲ್ಲ. ತಾಯಿಯ ಎದುರಿಗೇ ಪರದೆಯ ಹಿಂದೆ ಮಗುವನ್ನು ಪರೀಕ್ಷಿಸಿದರು. ಎಡಗೈಯ ಎಕ್ಸ್‌ರೇ ತೆಗೆಸಿದರು. ಗಂಟೆಯ ನಂತರ ತಾಯಿಯೊಬ್ಬಳನ್ನೇ ಒಳಗೆ ಕರೆದು ಫಿಲ್ಮನ್ನು ಬೆಳಕಿಗೆ ಹಿಡಿದರು.

"ಮಗುವಿಗೆ ಏಳೂವರೆ, ಮೂಳೆಗೆ ಹತ್ತು. ಮೈನೆರೆಯೋ ತಯಾರಿ ಆಗಲೇ ಶುರುವಾಗಿದೆ ಕಣಮ್ಮ."

ತಾಯಿ ಫಿಲ್ಮಿನ ಹತ್ತಿರಕ್ಕೆ ಬಾಗಿದಳು. "ಇನ್ನೂ ಹಾಲುಹಲ್ಲೇ ಪೂರ್ತಿ ಬಿದ್ದಿಲ್ಲ..."

"ದಿನಾ ಏನೇನು ತಿಂತಾಳೆ?"

ಕಾರ್ಖಾನೆಯಲ್ಲಿ ಕೆಲಸ ಮುಗಿದ ಮೇಲೆ ಮುರಿದ ಬಿಸ್ಕತ್ತನ್ನು ಚೀಲಗಟ್ಟಲೆ ಕೆಲಸದವರಿಗೇ ಕೊಡುತ್ತಾರೆ. ಹಿರಿಯವಳು ಮುಟ್ಟುವುದಿಲ್ಲ. ಕಿರಿಯವಳಿಗೆ ಬೆಳಿಗ್ಗೆ ಹಾಲಿನ ಜೊತೆ, ಸ್ಕೂಲಿಂದ ಬಂದ ಮೇಲೆ, ಟಿವಿ ಮುಂದೆ, ಊಟ ಬೇಡವೆಂದರೆ ಊಟಕ್ಕೂ ಅದೇ. ಅರೆಹೊಟ್ಟೆಯಲ್ಲಿ ಬೆಳೆದ ತಾಯಿ, ಮಗಳು ದುಂಡಗಿರುವುದನ್ನೇ ತನ್ನ ಗೆಲುವೆಂದುಕೊಂಡಿದ್ದಳು. ಹೇಳುತ್ತ ಹೇಳುತ್ತ ಅವಳಿಗೇ ಅರ್ಥವಾಗತೊಡಗಿತು.

"ಹಾಗಾದ್ರೆ ನಾನೇ ನನ್ನ ಕೈಯಾರೆ..."

"ಅದೊಂದರಿಂದಲೇ ಅಂತ ಹೇಳೋಕಾಗಲ್ಲ. ಮೈತೂಕ ಹೆಚ್ಚಿದ್ರೆ ದೇಹ ಅವಸರ ಮಾಡೋದುಂಟು. ಬೇರೆ ಕಾರಣಾನೂ ಇರಬಹುದು, ರಕ್ತ ನೋಡೋಣ. ಸುಮ್ಮನಿದ್ರೆ ಮುಟ್ಟು ಬೇಗ ಬರುತ್ತೆ, ಎತ್ತರ ಬೆಳೆಯೋದೂ ಬೇಗ ನಿಂತುಹೋಗುತ್ತೆ. ಬೇಕಾದ್ರೆ ತಡೆಯೋಕೆ ಔಷಧಿ ಇದೆ. ಈಗಲೇ ಬಂದಿದ್ದು ಒಳ್ಳೇದಾಯ್ತು."

ಬಂದದ್ದು ಇವಳಿಗಾಗಿ ಅಲ್ಲವಲ್ಲ ಎಂದುಕೊಂಡಳು ತಾಯಿ. ಇವತ್ತು ಇವಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಂದಿದ್ದರೆ?

ಹೊರಗೆ ಬೆಂಚಿನ ಮೇಲೆ ಕಿರಿಯವಳು ಕಾಲು ಆಡಿಸುತ್ತ ಕೂತಿದ್ದಳು. "ಅಮ್ಮಾ, ನಂಗೇನಾಗಿದೆ?"

ಮುಟ್ಟಿನ ಬಗ್ಗೆ ಹಿರಿಯವಳಿಗೆ ಹೇಳಬೇಕೆಂದು ವರ್ಷದಿಂದ ಮನಸ್ಸಿನಲ್ಲೇ ಜೋಡಿಸಿಟ್ಟ ಮಾತುಗಳನ್ನೆಲ್ಲ ತಾಯಿ ತಡಕಾಡಿದಳು. ಈ ಪುಟ್ಟ ಕಿವಿಗೆ ಹಿಡಿಯುವಂಥದ್ದು ಒಂದೂ ಸಿಗಲಿಲ್ಲ.

"ಈಗ ರಕ್ತ ತೆಗೆಯೋಕೆ ಸೂಜಿ ಚುಚ್ತಾರೆ ಪುಟ್ಟಿ. ಸ್ವಲ್ಪ ನೋವಾಗುತ್ತೆ."

"ಆಮೇಲೆ?"

ತಾಯಿ ಬಗ್ಗಿ ಅವಳ ಫ್ರಾಕಿನ ಅಂಚನ್ನು ಸರಿಮಾಡತೊಡಗಿದಳು. ಬಾಗಿಲ ಬಳಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಹಿರಿಯವಳು ಅಮ್ಮನ ಮುಖ ನೋಡಿ, ತಂಗಿಯನ್ನು ಹತ್ತಿರಕ್ಕೆಳೆದುಕೊಂಡು, "ಆಮೇಲಿಂದು ನಿಧಾನಕ್ಕೆ ನಾನು ಹೇಳ್ತೀನಿ," ಎಂದಳು. "ನೀನು ಕೂತ್ಕೋ ಅಮ್ಮ."